ಕೊಕೇನ್ ಚಟಕ್ಕೆ ಟಿಎಂಎಸ್: ಪುಣೆಯಲ್ಲಿ ನಾನು ಕಂಡದ್ದು

ಪುಣೆಯಲ್ಲಿ ನಾನು ಮನೋವೈದ್ಯ. ಖಿನ್ನತೆಗೆ ಟಿಎಂಎಸ್ ಕೊಡುತ್ತೇನೆ. ಅಂದರೆ ತಲೆಗೆ ಕಾಯಿಲ್ (ತಂತಿಯ ಸುರುಳಿ) ಒತ್ತಿಟ್ಟು ಅಯಸ್ಕಾಂತದ ಬಲದಿಂದ ಮಿದುಳನ್ನು ಚುರುಕುಗೊಳಿಸುವುದು. ಈಚೆಗೆ "ಕೊಕೇನ್ ಕೂಡ ಬಿಡಿಸುತ್ತಂತೆ, ಅಲ್ವಾ?" ಅಂತ ಬರುವವರು ಜಾಸ್ತಿ.

ಹಾಗೆ ಬಂದವನು ವಿಜಯಪುರ ಕಡೆಯ ಹುಡುಗ, ಇಲ್ಲಿನ ಐಟಿ ಕಂಪನಿಗಳ ಜಾಗ ಹಿಂಜವಡಿಯಲ್ಲಿ ಕೆಲಸ. ಚಟದ ಜೊತೆ ಮಾತ್ರೆಗೆ ಬಗ್ಗದ ಖಿನ್ನತೆಯೂ ಇತ್ತು. ನಾನು ಚಿಕಿತ್ಸೆ ಕೊಟ್ಟದ್ದು ಖಿನ್ನತೆಗೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2008ರಲ್ಲಿ ಅದಕ್ಕೆ ಒಪ್ಪಿಗೆ ಕೊಟ್ಟಿದೆ, ಕೊಕೇನ್‌ಗೆ ಕೊಟ್ಟಿಲ್ಲ.

"ಸರ, ಕರೆಂಟ್ ಕೊಡ್ತೀರೇನ್ರಿ?" ಅಂತ ಅವನ ಅಕ್ಕ ಗಾಬರಿಯಾದರು.

"ಇಲ್ರಿ ಅಕ್ಕಾರ, ಎಚ್ಚರನ ಇರ್ತಾನ."

ಟಿಎಂಎಸ್‌ನಿಂದ ಅಪರೂಪಕ್ಕೆ ಫಿಟ್ಸ್ ಬರಬಹುದು, ಕೊಕೇನ್‌ನಿಂದಲೂ ಬರಬಹುದು. ಎರಡೂ ಸೇರಬಾರದು. ಹಾಗಾಗಿ ಹಿಂದೆ ಫಿಟ್ಸ್ ಬಂದಿತ್ತಾ, ತಲೆಯೊಳಗೆ ಲೋಹ ಇದೆಯಾ ಅಂತ ವಿಚಾರಿಸಿ, ಮೂತ್ರ ಪರೀಕ್ಷೆ ಮಾಡಿಸಿಯೇ ಕುರ್ಚಿಗೆ ಕೂರಿಸಿದೆ.

ಮೊದಲು ಬಲಗೈ ಹೆಬ್ಬೆರಳು ನೋಡುತ್ತೇವೆ. ತಲೆಯ ಎಡಭಾಗದಲ್ಲಿ ಕಾಯಿಲ್ ಸ್ವಲ್ಪ ಸ್ವಲ್ಪ ಸರಿಸುತ್ತಾ ಹೋದರೆ ಒಂದು ಕಡೆ ಬೆರಳು ತಾನಾಗಿ ಮಿಡುಕುತ್ತದೆ, ಅದು ಮಿಡುಕಲು ಬೇಕಾದಷ್ಟೇ ಬಲ ಎಷ್ಟು ಅಂತ ಗುರುತು ಹಾಕಿಕೊಂಡು, ಅದರ ಶೇ. 120ಕ್ಕೆ ಏರಿಸಿ, ಕಾಯಿಲನ್ನು ಹಣೆಯ ಕಡೆ ಸುಮಾರು 5 ಸೆಂ.ಮೀ. ಮುಂದೆ ತರುತ್ತೇವೆ. ಸೆಕೆಂಡಿಗೆ ಅಯಸ್ಕಾಂತದ 10 ಏಟು, 4 ಸೆಕೆಂಡು. ಮತ್ತೆ 26 ಸೆಕೆಂಡು ಬಿಡುವು. ಒಂದು ಸಲಕ್ಕೆ ಒಟ್ಟು 3,000 ಏಟು. ಮರಕುಟಿಗ ಕುಕ್ಕಿದ ಹಾಗೆ ಸದ್ದು, ಕಿವಿಗೆ ಪ್ಲಗ್ ಬೇಕೇ ಬೇಕು.

ಕೆಲವು ವಾರಕ್ಕೆ ಮನಸ್ಸು ಹಗುರಾಯಿತು. ಕೊಕೇನ್ ಆಸೆಯೂ ಇಳಿದಿದೆ ಅಂದ. ಮೂತ್ರದಲ್ಲೂ ಸಿಗಲಿಲ್ಲ. ಆದರೆ ಅಷ್ಟರಲ್ಲಿ ಅವನು ಹಳೇ ರೂಮು ಬಿಟ್ಟು ಅಕ್ಕನ ಮನೆಗೆ ಬಂದಿದ್ದ, ಫೋನ್ ನಂಬರ್ ಬದಲಿಸಿದ್ದ, ಕೌನ್ಸೆಲಿಂಗ್ ತಪ್ಪಿಸುತ್ತಿರಲಿಲ್ಲ. ಯಾವುದಕ್ಕೆ ಶ್ರೇಯಸ್ಸು ಕೊಡೋಣ?

ಸಂಶೋಧನೆಯದ್ದೂ ಇದೇ ಕಥೆ. 2013ರಲ್ಲಿ ಒಂದು ಪ್ರಯೋಗ: ಕಾಲಿಗೆ ಶಾಕ್ ಹೊಡೆದರೂ ಕೊಕೇನ್ ಬಿಡದ ಇಲಿಗಳ ಮಿದುಳಿನ ಮುಂಭಾಗ ಮಂಕಾಗಿತ್ತು, ಅಲ್ಲಿನ ಜೀವಕೋಶಗಳು ಬೆಳಕಿಗೆ ಸ್ಪಂದಿಸುವಂತೆ ಮಾಡಿ, ಬೆಳಕಿನಿಂದ ಅದನ್ನು ಚುರುಕುಗೊಳಿಸಿದಾಗ ಚಟ ತಗ್ಗಿತು. 2016ರಲ್ಲಿ ಇಟಲಿಯವರು 32 ಜನರ ಮೇಲೆ ನೋಡಿದರು. ಅರ್ಧ ಜನಕ್ಕೆ ಟಿಎಂಎಸ್, ಉಳಿದವರಿಗೆ ಔಷಧಿ. ಟಿಎಂಎಸ್‌ನವರೇ ಮೇಲು. ಆದರೆ ಯಾರಿಗೆ ಏನು ಸಿಕ್ಕಿತು ಅಂತ ಎಲ್ಲರಿಗೂ ಗೊತ್ತಿತ್ತಲ್ಲ! ಆಮೇಲೆ ಅಲ್ಲೇ, ಸದ್ದು ಮಾಡಿ ಸುಮ್ನೆ ಕೂರುವ ನಕಲಿ ಕಾಯಿಲ್ ಇಟ್ಟು ಹೋಲಿಸಿದಾಗ, ನಕಲಿಯವರಲ್ಲೂ ಆಸೆ ಇಳಿದಿತ್ತು.

ಬರೀ ಕೊಕೇನ್‌ಗೆ ಅಂತ ಬಂದವರಿಗೆ ನಾನು ಟಿಎಂಎಸ್ ಬರೆಯುವುದಿಲ್ಲ. ಕೌನ್ಸೆಲಿಂಗ್ ಶುರು ಮಾಡಿಸುತ್ತೇನೆ. ನಕಲಿ ಕಾಯಿಲ್ ಇಟ್ಟು ಮಾಡುವ ಟ್ರಯಲ್‌ಗೆ ಸೇರಲು ತಯಾರಿದ್ದರೆ ಅದರ ವಿಷಯ ಹೇಳುತ್ತೇನೆ, ಆದರೆ ಅಲ್ಲಿ ಹಣ ಕೇಳಬಾರದು.