ಕಲಬುರಗಿ ಪೇಟೆಗೆ ಇಳಿಯದೆ ರಿಂಗ್ ರೋಡ್ ಮೇಲೆ ದಾಟುವುದು ಹೇಗೆ

ಕಪನೂರಿನ ಒಂದು ದಾಲ್ ಮಿಲ್‌ನಲ್ಲಿ ಲಾರಿಗಳ ಲೋಡಿಂಗ್ ಲೆಕ್ಕ ನೋಡಿಕೊಳ್ಳುವ ಕೆಲಸ ನನ್ನದು. ತೊಗರಿ ತರುವವರು, ಬೇಳೆ ಒಯ್ಯುವವರು, ಇಬ್ಬರೂ ದಾರಿ ತಪ್ಪಿದರೆ ನನಗೇ ಫೋನ್ ಹಚ್ಚುತ್ತಾರೆ. "ಅಕ್ಕಾ, ರಿಂಗ್ ರೋಡಿಗೆ ಬಂದೀನ್ರಿ, ಯಾ ಕಡಿ ಹೊಳ್ಳಲಿ?" ಅಂತ. ನಾನು ಮೊದಲು ಕೇಳುವುದು ಒಂದೇ: ಯಾವ ಊರಿನ ರೋಡ್ ಹಿಡಿದು ಬಂದೆ ಅಣ್ಣಾ? ಅದು ಗೊತ್ತಾದರೆ ಉಳಿದದ್ದು ಸುಲಭ.

ಆರು ರೋಡುಗಳ ಹೆಸರು ಬಾಯಿಪಾಠ ಮಾಡಿಕೊಳ್ಳಿ. ಉತ್ತರದಿಂದ ಶುರು ಮಾಡಿ, ಗಡಿಯಾರದ ಮುಳ್ಳು ತಿರುಗುವ ಕಡೆಗೆ: ಹುಮನಾಬಾದ್, ಸೇಡಂ, ಶಹಾಬಾದ್, ಜೇವರ್ಗಿ, ಅಫಜಲಪುರ, ಆಳಂದ. ಊರು ಚಕ್ಕಡಿ ಗಾಲಿಯ ಗುಂಬದ ಹಾಗೆ ನಡುವೆ ಕೂತಿದೆ, ಇವು ಅದರ ಅರೆಕಾಲುಗಳು, ರಿಂಗ್ ರೋಡು ಮೇಲಿನ ಪಟ್ಟಿ. ಇದು ಇಂದಿನದಲ್ಲ. 1347ರಲ್ಲಿ ಬಹಮನಿ ಸುಲ್ತಾನರು ಇಲ್ಲಿ ರಾಜಧಾನಿ ಮಾಡಿಕೊಂಡರು. ಕೋಟೆ, ಅದರ ಬಾಜೂಕೆ ಪೇಟೆ. ಎಲ್ಲ ಕಡೆಯ ದಾರಿಯೂ ಅಲ್ಲಿಗೇ ಬಂದು ಮುಟ್ಟುತ್ತಿತ್ತು. ಮುಂದೆ ರಾಜಧಾನಿ ಬೀದರಿಗೆ ಹೋಯಿತು, ದಾರಿಗಳು ಮಾತ್ರ ಹಾಗೇ ಉಳಿದವು. ಲಾರಿ ಕಾಲದಲ್ಲೂ ಎಲ್ಲವೂ ಪೇಟೆ ಹೊಕ್ಕೇ ಹೊರಗೆ ಬರಬೇಕಿತ್ತು. ಆ ಗದ್ದಲ ತಪ್ಪಿಸಲೆಂದೇ ಈ ಸುತ್ತು ರಸ್ತೆ.

ಹೈದರಾಬಾದಿನಿಂದಲೋ ಬೀದರಿನಿಂದಲೋ ಬಂದು ವಿಜಯಪುರಕ್ಕೆ ಹೋಗುವವರು ಹುಮನಾಬಾದ್ ಬಿಟ್ಟ ಮೇಲೆ ಕಪನೂರು ದಾಟಿ ರಿಂಗ್ ರೋಡಿಗೆ ಬರುತ್ತೀರಿ. ನಮ್ಮವರು ಆ ಜಾಗಕ್ಕೆ ಸುಮ್ನೆ ಹುಮನಾಬಾದ್ ರಿಂಗ್ ರೋಡ್ ಅನ್ನುತ್ತಾರೆ. ಅಲ್ಲಿ ಸೀದಾ ಹೋದರೆ ಪೇಟೆ, ಹೋಗಬೇಡಿ. ಎಡಕ್ಕೆ ಹೊರಳಿದರೆ ಸೇಡಂ ರೋಡು, ಶಹಾಬಾದ್ ರೋಡು, ಮೂರನೆಯದು ಜೇವರ್ಗಿ. ಬಲಕ್ಕೆ ಹೊರಳಿದರೆ ಆಳಂದ ಚೆಕ್ ಪೋಸ್ಟ್, ಅಫಜಲಪುರ ರೋಡು, ಮೂರನೆಯದು ಮತ್ತೆ ಜೇವರ್ಗಿಯೇ! ಎರಡೂ ಕಡೆ ಮೂರನೆಯದೇ, ಆದ್ದರಿಂದ ತಪ್ಪುವ ಭಯವಿಲ್ಲ. ನಡುವೆ ಬಡಾವಣೆಗಳ ಸಣ್ಣ ರೋಡುಗಳು ಬೇಕಾದಷ್ಟು ಸಿಗುತ್ತವೆ. ಅವನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಯಾವ ಬದಿ ಒಳ್ಳೆಯದು ಅಂತ ಕೇಳಿದರೆ, ಹೊತ್ತು ನೋಡಿ ಹೇಳುತ್ತೇನೆ. ಸೇಡಂ, ಶಹಾಬಾದ್ ಬದಿಗೆ ಸಿಮೆಂಟಿನ ಗಾಡಿಗಳು ಜಾಸ್ತಿ. ಮಳಖೇಡ, ವಾಡಿ ಫ್ಯಾಕ್ಟರಿಗಳೆಲ್ಲ ಆ ಕಡೆಯೇ ಇವೆ. ಶಹಾಬಾದಿನ ಫರ್ಸಿ ಕಲ್ಲು ಹೇರಿದ ಗಾಡಿಗಳೂ ಅಲ್ಲಿಂದಲೇ ಬರುತ್ತವೆ, ಇವು ಏರಿಗೆ ಮೆಲ್ಲಗೆ ಹತ್ತುತ್ತವೆ, ಹಾರ್ನ್ ಹೊಡೆದು ಉಪಯೋಗವಿಲ್ಲ. ಆಳಂದ, ಅಫಜಲಪುರ ಬದಿಯಲ್ಲಿ ತೊಗರಿ ರಾಶಿಯ ದಿನಗಳಲ್ಲಿ ಟ್ರ್ಯಾಕ್ಟರ್ ಸಾಲು. ಹಿಂದೆ ಲೈಟ್ ಇಲ್ಲದ ಟ್ರಾಲಿಗಳು. ಅದಕ್ಕೇ ಡಿಸೆಂಬರ್‌ನಿಂದ ಫೆಬ್ರವರಿವರೆಗೆ ರಾತ್ರಿ ಹೊತ್ತು ನಾನು ಸೇಡಂ ಬದಿಗೇ ಕಳಿಸುತ್ತೇನೆ. ಸಿಮೆಂಟ್ ಗಾಡಿಗೆ ಕನಿಷ್ಠ ಲೈಟಾದರೂ ಇರುತ್ತದೆ ಅಲ್ವಾ? (2019ರಲ್ಲಿ ನಮ್ಮ ತೊಗರಿಗೆ ಜಿಐ ಟ್ಯಾಗ್ ಸಿಕ್ಕಿತು, ಟ್ರಾಲಿಗೆ ಕೆಂಪು ರೇಡಿಯಂ ಪಟ್ಟಿ ಇನ್ನೂ ಸಿಕ್ಕಿಲ್ಲ.)

ನಮ್ಮ ಮಿಲ್‌ಗೇ ಬರುವವರಿಗೆ: ಆಳಂದ ರೋಡಿನಿಂದ ಬಂದರೆ ಚೆಕ್ ಪೋಸ್ಟ್‌ನಲ್ಲಿ ಎಡಕ್ಕೆ, ಮುಂದಿನ ದೊಡ್ಡ ರೋಡೇ ಹುಮನಾಬಾದಿನದು. ಸೇಡಂ ಕಡೆಯಿಂದಾದರೆ ಬಲಕ್ಕೆ. ಜೇವರ್ಗಿಯಿಂದ ಬಂದವರು ರಾಮ ಮಂದಿರ ಸರ್ಕಲ್‌ನಲ್ಲಿ ಎತ್ತ ಹೊರಳಿದರೂ ಬಂದು ಮುಟ್ಟುತ್ತೀರಿ.

ಹಳೇ ಡ್ರೈವರ್‌ಗಳ ಹತ್ತಿರ ದಾರಿ ಕೇಳಿದರೆ "ಟೂ ಏಟೀನ್ ಹಿಡಿ" ಅನ್ನುತ್ತಾರೆ. ಗಾಬರಿಯಾಗಬೇಡಿ. ಹುಬ್ಬಳ್ಳಿಯಿಂದ ವಿಜಯಪುರ, ಸಿಂದಗಿ, ಜೇವರ್ಗಿ, ಕಲಬುರಗಿ ಮೇಲೆ ಹುಮನಾಬಾದಿಗೆ ಹೋಗುವ ಹೆದ್ದಾರಿಗೆ ಮೊದಲು 218 ಅಂತ ನಂಬರ್ ಇತ್ತು. 2010ರಲ್ಲಿ ದೇಶದ ಹೆದ್ದಾರಿಗಳ ನಂಬರ್ ಎಲ್ಲ ಬದಲಾದವು. ವಿಜಯಪುರದಿಂದ ಈಚೆಗಿನ ನಮ್ಮ ಭಾಗ 50 ಆಯಿತು. ಹುಮನಾಬಾದಿನಲ್ಲಿ ಅದು ಕೂಡುವ ಪುಣೆ–ಹೈದರಾಬಾದ್ ರೋಡು 9 ಇದ್ದದ್ದು 65 ಆಯಿತು. ಊರಿನ ಹೆಸರಂತೂ 2014ರ ನವೆಂಬರ್ 1ರಿಂದ ಕಲಬುರಗಿ. ಆದರೂ ಹಳೇ ಬಿಲ್ಟಿಗಳಲ್ಲಿ, ಅಂದರೆ ಲಾರಿ ಮಾಲಿನ ರಸೀದಿಗಳಲ್ಲಿ, ಗುಲ್ಬರ್ಗಾ ಅಂತಲೇ ಇರುತ್ತದೆ, ಎರಡೂ ಒಂದೇ ಊರು. ಬೋರ್ಡ್ ಇಲ್ಲದ ಕಡೆ ಮೈಲಿಗಲ್ಲು ನೋಡಿ. ತಲೆ ಹಳದಿ ಇದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರಿದ್ದರೆ ರಾಜ್ಯ ಹೆದ್ದಾರಿ. ಜೇವರ್ಗಿ ಕಡೆಗೆ ಹೊರಟು ಬಹಳ ದೂರ ಹಳದಿ ಕಾಣದಿದ್ದರೆ ನಿಲ್ಲಿಸಿ ಯಾರನ್ನಾದರೂ ಕೇಳಿ.

ರಿಂಗ್ ರೋಡ್ ಅಂದ ಕೂಡಲೇ ಎಕ್ಸ್‌ಪ್ರೆಸ್‌ವೇ ಅಂದುಕೊಂಡು ಬರಬೇಡಿ. ಎಕ್ಸ್‌ಪ್ರೆಸ್‌ವೇಗೆ ನಡುನಡುವೆ ಯಾರೂ ನುಗ್ಗುವಂತಿಲ್ಲ, ಹತ್ತುವ ಇಳಿಯುವ ಜಾಗ ಗೊತ್ತುಮಾಡಿರುತ್ತಾರೆ. ಇಲ್ಲಿ ಮನೆ ಬಾಗಿಲೇ ರೋಡಿಗೆ ತೆರೆಯುತ್ತದೆ. ಊರಿನ ಹೊರಗಿನ ರಸ್ತೆ ಅಂತ ಮಾಡಿದ್ದು, ಪ್ಲಾಟು ಬಿದ್ದವು, ಅಂಗಡಿ ಬಂದವು, ಫಂಕ್ಷನ್ ಹಾಲ್ ಬಂದವು. ಈಗ ಊರು ಅದನ್ನೂ ದಾಟಿ ಆಚೆ ಹೋಗಿದೆ. ಇದರಾಚೆಗೆ ಇನ್ನೊಂದು ರಿಂಗ್ ರೋಡ್ ಬೇಕು ಅನ್ನುವವರು ಬಹಳ ಜನ. ನನ್ನ ಕೇಳಿದರೆ, ಬದಿಗೆ ಅಂಗಡಿ ಬರದಂತೆ ತಡೆಯದಿದ್ದರೆ ಅದಕ್ಕೂ ಇದೇ ಗತಿ. ಸಂಜೆ ಐದರಿಂದ ಎಂಟರವರೆಗೆ ರಾಮ ಮಂದಿರ ಸರ್ಕಲ್ ಕಡೆ ದೊಡ್ಡ ಗಾಡಿ ತರಲೇಬೇಡಿ. ಹೋಳಿ ಆದ ಐದನೇ ದಿನ ಶರಣಬಸವೇಶ್ವರ ತೇರು, ಬಂದೇ ನವಾಜರ ಉರುಸು, ಇವುಗಳ ದಿನ ಪೇಟೆಯ ಗಾಡಿಗಳೂ ರಿಂಗ್ ರೋಡಿಗೇ ಬರುತ್ತವೆ. ಎರಡು ತಾಸು ಜಾಸ್ತಿ ಇಟ್ಟುಕೊಳ್ಳಿ.

ಮಳೆಗಾಲದಲ್ಲಿ ಇನ್ನೊಂದು ಮಾತು ನೆನಪಿಡಿ. ಡಾಂಬರ್ ಬಿಟ್ಟು ಚಕ್ರ ಇಳಿಸಬೇಡಿ. ನಮ್ಮದು ಕರಿ ಮಣ್ಣು, ಯರೆ ನೆಲ. ನೀರು ಕುಡಿದರೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ. ರೋಡಿನ ಅಂಚು ಮುರಿಯುವುದಕ್ಕೂ ಇದೇ ಕಾರಣ, ಕಾಂಟ್ರಾಕ್ಟರ್‌ನನ್ನೇ ಬೈದರೆ ಅರ್ಧ ಮಾತ್ರ ನ್ಯಾಯ. ಮೇಲೆ ಒಣಗಿದ ಹಾಗೆ ಕಾಣುತ್ತದೆ, ಚಹಾಕ್ಕೆಂದು ಬದಿಗೆ ಹಚ್ಚಿದ ತುಂಬಿದ ಲಾರಿ ಅಲ್ಲೇ ಕುಳಿತುಬಿಡುತ್ತದೆ. ಆಮೇಲೆ ಜೆಸಿಬಿ ಕರೆಸಬೇಕು, ಬಾಡಿಗೆಯೆಲ್ಲ ಅದಕ್ಕೇ ಹೋಗುತ್ತದೆ. ಪೆಟ್ರೋಲ್ ಪಂಪಿನ ಗಟ್ಟಿ ನೆಲ ಸಿಗುವವರೆಗೆ ಚಹಾ ತಡೆದುಕೊಳ್ಳಿ.

ಜೇವರ್ಗಿ ಕಡೆ ಹೋಗುವವರು ಹೊರಡುವ ಮುಂಚೆ ಭೀಮೆಯ ಸುದ್ದಿ ಕೇಳಬೇಕು. ನಮ್ಮಲ್ಲಿ ಮಳೆ ಇಲ್ಲದಿದ್ದರೂ ಮಹಾರಾಷ್ಟ್ರದ ಉಜನಿ ಡ್ಯಾಮಿನಿಂದ ನೀರು ಬಿಟ್ಟರೆ ಹೊಳೆ ತುಂಬುತ್ತದೆ. 2020ರ ಅಕ್ಟೋಬರ್‌ನಲ್ಲಿ ಹೊಳೆ ದಂಡೆಯ ಊರುಗಳು ಪಟ್ಟ ಪಾಡು ಎಲ್ಲರಿಗೂ ಗೊತ್ತು. ಜೇವರ್ಗಿಗೆ ಮುಂಚೆ ಕಟ್ಟಿ ಸಂಗಾವಿ ಸೇತುವೆ ಬಂದ್ ಆದರೆ ರಿಂಗ್ ರೋಡಿನ ಯಾವ ಬದಿ ಹಿಡಿದರೂ ಅಷ್ಟೇ. ಅಂಥ ದಿನ ವಿಜಯಪುರದ ಗಾಡಿಗೆ ನಾನು ಲೋಡ್ ಮಾಡಿಸುವುದಿಲ್ಲ. ಮಿಲ್ ಅಂಗಳದಲ್ಲೇ ಗಾಡಿ ಹಚ್ಚಿ ಮಲಗು ಅಣ್ಣಾ, ನೀರು ಇಳಿದ ಮೇಲೆ ನೋಡೋಣ ಅನ್ನುತ್ತೇನೆ.