ಗೋಡೆ ಗಟ್ಟಿಯಾಗುವ ತನಕ

ಬ್ಯಾಡಗಿ ಕಡೆಯ ಮೆಣಸಿನಕಾಯಿ ಬೆಳೆಗಾರರೊಬ್ಬರನ್ನು ಮಗ ಹುಬ್ಬಳ್ಳಿಗೆ ನನ್ನ ಹತ್ತಿರ ಕರೆತಂದಿದ್ದ. "ಅರ್ಧ ರೊಟ್ಟಿ ತಿಂದ್ರ ಸಾಕ್ರಿ, ಹೊಟ್ಟಿ ತುಂಬಿ ಬರ್ತೈತಿ" ಅಂದರು. ಮೂರು ವಾರದ ಹಿಂದೆ ಪಿತ್ತಕೋಶದ ಕಲ್ಲಿನಿಂದ ಅವರ ಮೇದೋಜೀರಕ ಗ್ರಂಥಿ ಊದಿಕೊಂಡಿತ್ತು. ಸಿಟಿ ಸ್ಕ್ಯಾನ್‌ನಲ್ಲಿ ಜಠರದ ಹಿಂದೆ 12 ಸೆಂ.ಮೀ. ಅಗಲದ ನೀರಿನ ಚೀಲ ಕಂಡಿತು.

"ಎಷ್ಟ ದಿನಾ ಹಿಂಗ ಇಡ್ತೀರಿ ಸರ್? ಇವತ್ತ ತಗದ ಬಿಡ್ರಿ" ಅಂದ ಮಗ. ನಾನು ಒಪ್ಪಲಿಲ್ಲ. ಚೀಲದ ಸುತ್ತ ಗಟ್ಟಿ ಗೋಡೆ ಕಟ್ಟಲು ಸಾಮಾನ್ಯವಾಗಿ 4 ವಾರ ಬೇಕು. ಗೋಡೆ ಹಸಿಯಾಗಿದ್ದಾಗ ಚುಚ್ಚಿದರೆ ಒಳಗಿನದೆಲ್ಲ ಹೊಟ್ಟೆಯೊಳಗೆ ಸೋರಬಹುದು. ಅವರಿಗೆ ಜ್ವರ ಇರಲಿಲ್ಲ, ಕಾಯಲು ಅವಕಾಶವಿತ್ತು. ಮೂಗಿನಿಂದ ಸಣ್ಣ ಕರುಳಿಗೆ ತೆಳು ನಳಿಕೆ ಹಾಕಿ ಅದರಲ್ಲೇ ಆಹಾರ ಕೊಟ್ಟೆವು. ಆ ಎರಡು ವಾರ ಮಗನಿಗೆ ದಿನಾ ಅದೇ ಮಾತು ಹೇಳಿದ್ದೇನೆ.

ಚೀಲದ ನೀರು ಜಠರಕ್ಕೆ ಹರಿಯಲಿ ಅಂತ ಎರಡರ ನಡುವೆ ಸ್ಟೆಂಟ್ ಅನ್ನುವ ಸಣ್ಣ ಕೊಳವೆ ಇಡುತ್ತೇವೆ. ಚೀಲದಲ್ಲಿ ಬರೀ ನೀರಿದ್ದರೆ ಎರಡೂ ತುದಿ ಸುರುಳಿಯಾದ ಪ್ಲಾಸ್ಟಿಕ್ ಸ್ಟೆಂಟ್ ಸಾಕಾಗುತ್ತದೆ. ಇವರದರಲ್ಲಿ ಸತ್ತ ಅಂಗಾಂಶದ ತುಂಡುಗಳೂ ಜಾಸ್ತಿ ಇದ್ದವು. ಅದಕ್ಕೇ ಅಗಲ ಬಾಯಿಯ ಲೋಹದ ಸ್ಟೆಂಟ್ ಆರಿಸಿಕೊಂಡೆ.

ಪೂರ್ತಿ ಅರಿವಳಿಕೆ ಕೊಟ್ಟು ಶ್ವಾಸನಾಳಕ್ಕೆ ಟ್ಯೂಬ್ ಹಾಕಿಸಿದೆ. ನೀರು ಒಮ್ಮೆಲೇ ಜಠರಕ್ಕೆ ನುಗ್ಗಿದಾಗ ಶ್ವಾಸಕೋಶಕ್ಕೆ ಹೋಗಬಾರದಲ್ವಾ? ತುದಿಯಲ್ಲಿ ಅಲ್ಟ್ರಾಸೌಂಡ್ ಇರುವ ಎಂಡೋಸ್ಕೋಪನ್ನು ಬಾಯಿಯಿಂದ ಜಠರಕ್ಕೆ ಇಳಿಸಿ, ರಕ್ತದ ಹರಿವು ತೋರಿಸುವ ಡಾಪ್ಲರ್ ಹಚ್ಚಿದೆ. ಮೊದಲು ಆರಿಸಿದ ಜಾಗದಲ್ಲಿ ಒಂದು ರಕ್ತನಾಳ ಅಡ್ಡ ಬಂತು. ಸ್ವಲ್ಪ ಮೇಲೆ ಸರಿದೆ. ಅಲ್ಲಿ ಚೀಲಕ್ಕೂ ಜಠರಕ್ಕೂ ನಡುವೆ 10 ಮಿ.ಮೀ.ಗಿಂತ ಕಡಿಮೆ ಅಂತರವಿತ್ತು. ಅಲ್ಲೇ ಕರೆಂಟಿನಿಂದ ಕಾಯುವ ತುದಿಯಿಂದ ದಾರಿ ಮಾಡಿ, ಸ್ಟೆಂಟಿನ ಒಂದು ಅಂಚನ್ನು ಚೀಲದೊಳಗೆ ಅರಳಿಸಿ, ಮೆಲ್ಲಗೆ ಹಿಂದಕ್ಕೆ ಎಳೆದು, ಇನ್ನೊಂದನ್ನು ಜಠರದಲ್ಲಿ ಬಿಟ್ಟೆ. ಚಹಾದ ಡಿಕಾಕ್ಷನ್ ಬಣ್ಣದ ನೀರು ಭರ್ರನೆ ಬಂತು. ಅದನ್ನೆಲ್ಲ ಹೀರಿ ತೆಗೆಯುವ ತನಕ ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ.

ಮೂರನೇ ದಿನ ಜ್ವರ ಬಂತು. ಸ್ಟೆಂಟಿನ ಬಾಯಿಗೆ ತುಂಡು ಸಿಕ್ಕಿಕೊಂಡಿತ್ತು. ಅದೇ ದಾರಿಯಲ್ಲಿ ಒಳಹೊಕ್ಕು, ತಂತಿಯ ಕುಣಿಕೆಯಿಂದ ಹಿಡಿದು, ಎರಡು ಸಲ ಸ್ವಚ್ಛ ಮಾಡಿದೆ. ಆ್ಯಸಿಡ್ ಕಡಿಮೆ ಮಾಡುವ ಮಾತ್ರೆಯನ್ನೂ ನಿಲ್ಲಿಸಿದೆ. ಸತ್ತ ಅಂಗಾಂಶ ಕರಗಲು ಜಠರದ ಆ್ಯಸಿಡ್ಡೇ ನೆರವಾಗುತ್ತದೆ.

ಸ್ಟೆಂಟ್ ಹಾಕಿದ ದಿನಕ್ಕಿಂತ ತೆಗೆಯುವ ದಿನದ ಚಿಂತೆಯೇ ನನಗೆ ಹೆಚ್ಚು. ಚೀಲ ಕುಗ್ಗಿದ ಮೇಲೂ ಲೋಹ ಒಳಗೇ ಉಳಿದರೆ ಪಕ್ಕದ ರಕ್ತನಾಳಕ್ಕೆ ಉಜ್ಜುತ್ತದೆ. ಹಿಂದೆ ಗದಗ ಕಡೆಯ ಒಬ್ಬರು ಆರಾಮ ಇದ್ದೇನೆ ಅಂತ ವಾಪಸ್ ಬರಲೇ ಇಲ್ಲ. ಬಂದದ್ದು ಎರಡು ತಿಂಗಳ ಮೇಲೆ, ರಕ್ತ ವಾಂತಿ ಮಾಡಿಕೊಂಡು. ಅವರು ಉಳಿದರು. ನಾನು ಮಾತ್ರ ಅದನ್ನು ಮರೆತಿಲ್ಲ. ಅಂದಿನಿಂದ ಮನೆಯ ಇಬ್ಬರ ಫೋನ್ ನಂಬರ್ ತೆಗೆದುಕೊಳ್ಳುತ್ತೇನೆ. ತಾರೀಖನ್ನು ದಪ್ಪ ಅಕ್ಷರದಲ್ಲಿ ಬರೆದುಕೊಡುತ್ತೇನೆ.

ಬ್ಯಾಡಗಿಯವರು ನಾಲ್ಕನೇ ವಾರಕ್ಕೆ ಸರಿಯಾಗಿ ಬಂದರು. ಚೀಲ ಹೆಚ್ಚುಕಡಿಮೆ ಮಾಯವಾಗಿತ್ತು. ಆದರೆ ಗ್ರಂಥಿಯ ನಾಳ ನಡುವೆ ತುಂಡಾಗಿತ್ತು, ಅದರ ರಸ ಸೋರಿ ಚೀಲ ಮತ್ತೆ ತುಂಬಬಹುದಿತ್ತು. ಹಾಗಾಗಿ ಲೋಹದ ಸ್ಟೆಂಟ್ ತೆಗೆದು, ಅದೇ ದಾರಿಯಲ್ಲಿ ಪ್ಲಾಸ್ಟಿಕ್ ಸ್ಟೆಂಟ್ ಬಿಟ್ಟೆ. ಅದು ಈಗಲೂ ಒಳಗಿದೆ. ಮುಂದೆ ಸರ್ಜನ್ ಪಿತ್ತಕೋಶ ತೆಗೆದರು. ಕಲ್ಲು ಉಳಿಸಿಕೊಂಡು ಮನೆಗೆ ಕಳಿಸಿದ್ದರೆ ಮತ್ತೆ ಅದೇ ನೋವು ಬರಬಹುದಿತ್ತು.