ಫಲಕಕ್ಕೊಂದು ದಪ್ಪ, ದುಂಡು ಕನ್ನಡ ಫಾಂಟ್: ರೂಪಿಸುವುದು ಹೇಗೆ?

ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕೆಂಬ 2024ರ ತಿದ್ದುಪಡಿಯಿಂದ ಎಷ್ಟು ಜಾಗ ಎಂಬ ಪ್ರಶ್ನೆ ಕಾನೂನಿನಲ್ಲೇ ಇತ್ಯರ್ಥವಾಯಿತು. ಆದರೆ ಬೆಳಗಾವಿಯ ಖಡೇಬಜಾರಿನಂಥ ಜನನಿಬಿಡ ಬೀದಿಯಲ್ಲಿ ಆ ಕನ್ನಡ ದೂರದಿಂದಲೇ ಓದಲು ಬರುತ್ತದೆಯೇ ಎಂಬುದು ಅಕ್ಷರ ರೂಪಿಸಿದವರ ಕೈಯಲ್ಲೇ ಉಳಿದಿದೆ. ಇಂಥ ಕಡೆ ದಪ್ಪ ಮೈಯ, ದುಂಡು ತುದಿಯ ಅಕ್ಷರ ಚೆನ್ನಾಗಿ ಒಪ್ಪುತ್ತದೆ. ಅದನ್ನು ಫಾಂಟ್‌ಫೋರ್ಜ್ ಎಂಬ ಉಚಿತ ತಂತ್ರಾಂಶದಲ್ಲಿ ಮನೆಯಲ್ಲೇ ಕುಳಿತು ರೂಪಿಸಬಹುದು. ಕೆಲಸಕ್ಕೆ ಕೈಹಾಕುವ ಮುನ್ನ ಏಕ್ ಟೈಪ್ ಎಂಬ ಅಕ್ಷರ ವಿನ್ಯಾಸಕರ ತಂಡದ ‘ಬಲೂ ತಮ್ಮ 2’ ಫಾಂಟನ್ನು ಗೂಗಲ್ ಫಾಂಟ್ಸ್‌ನಿಂದ ಇಳಿಸಿಕೊಂಡು, ಒಂದೊಂದೇ ಅಕ್ಷರವನ್ನು ದೊಡ್ಡದು ಮಾಡಿ ನೋಡಬೇಕು. ಅದು ಮುಕ್ತ ಪರವಾನಗಿಯ ಫಾಂಟ್ ಆದ್ದರಿಂದ ತೆರೆದು ನೋಡಲು ಅಡ್ಡಿಯಿಲ್ಲ.

ಮೊದಲ ಹಂತದಲ್ಲಿ ಪ್ರತಿ ಅಕ್ಷರವನ್ನೂ ಒಂದೇ ತೆಳುಗೆರೆಯಲ್ಲಿ ಬರೆದುಕೊಂಡು, ಆ ಗೆರೆಗೆ ದುಂಡು ತುದಿಯ ದಪ್ಪವನ್ನು ತಂತ್ರಾಂಶದಿಂದಲೇ ಕೊಡಿಸಬೇಕು. ಅಕ್ಷರದ ಎತ್ತರ 600 ಯೂನಿಟ್ (ಫಾಂಟಿನೊಳಗಿನ ಅಳತೆಯ ಮಾನ) ಇದ್ದರೆ ಗೆರೆಯ ದಪ್ಪವನ್ನು 100ರಿಂದ ಆರಂಭಿಸುವುದು ಸೂಕ್ತ. ಅಡ್ಡಗೆರೆ ಮತ್ತು ಉದ್ದಗೆರೆ ಅಳತೆಯಲ್ಲಿ ಒಂದೇ ಆಗಿದ್ದರೂ ಕಣ್ಣಿಗೆ ಅಡ್ಡಗೆರೆಯೇ ದಪ್ಪವಾಗಿ ತೋರುವುದರಿಂದ, ಅದನ್ನು 90ರ ಆಸುಪಾಸಿಗೆ ಇಳಿಸಬೇಕಾಗುತ್ತದೆ. ಕನ್ನಡ ಲಿಪಿಯ ಮೈ ಮೊದಲೇ ದುಂಡಗಿದೆ. ಹಾಗಾಗಿ ಇಲ್ಲಿ ದುಂಡಗೆ ಮಾಡಲು ಉಳಿದಿರುವುದು ತಲೆಕಟ್ಟಿನ ತುದಿ ಮತ್ತು ಗೆರೆಗಳು ಕೂಡುವ ಮೂಲೆಗಳು ಮಾತ್ರ. ಹೊಟ್ಟೆಯನ್ನೂ ಇನ್ನಷ್ಟು ಉರುಟಾಗಿಸಲು ಹೋದರೆ ಎಲ್ಲ ಅಕ್ಷರಗಳೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಕಾಣುತ್ತವೆ.

ನಿಜವಾದ ಕಷ್ಟ ಎರಡನೇ ಹಂತದಲ್ಲಿದೆ. ಗೆರೆ ದಪ್ಪವಾದಂತೆಲ್ಲ ಅಕ್ಷರದ ಒಳಗಿನ ಬಿಳಿ ಜಾಗ ಕರಗುತ್ತದೆ, ಅದರಿಂದ ಮೊದಲು ಪೆಟ್ಟು ತಿನ್ನುವುದು ಮಹಾಪ್ರಾಣಗಳು. ‘ಮುಧೋಳ’ ಎಂದು ಬರೆದು ನೋಡಿ. ‘ಧ’ದ ಬುಡದಲ್ಲಿರುವ ಪುಟ್ಟ ಗೀಟು ಅಕ್ಷರದ ಮೈಯಲ್ಲಿ ಸೇರಿಹೋದರೆ ಊರು ‘ಮುದೋಳ’ವಾಗುತ್ತದೆ. ‘ಅಥಣಿ’ಯದು ಇನ್ನೂ ಫಜೀತಿ: ಅಲ್ಲಿನ ‘ಥ’ಕ್ಕೆ ಬುಡದ ಗೀಟಿನ ಜೊತೆಗೆ ಹೊಟ್ಟೆಯೊಳಗೊಂದು ಚುಕ್ಕಿಯೂ ಇರುವುದರಿಂದ, ಆ ಚುಕ್ಕಿ ಸುತ್ತಲಿನ ಗೆರೆಗೆ ತಾಗಿದರೆ ಇಡೀ ಅಕ್ಷರ ಕಪ್ಪು ಉಂಡೆಯಾಗುತ್ತದೆ. ‘ಘಟಪ್ರಭಾ’ ಎಂಬ ಒಂದೇ ಹೆಸರಿನಲ್ಲಿ ಇಂಥ ಎರಡು ಅಕ್ಷರಗಳೂ ಒಂದು ಒತ್ತೂ ಸಿಗುವುದರಿಂದ, ಪರೀಕ್ಷೆಗೆ ಅದಕ್ಕಿಂತ ಒಳ್ಳೆಯ ಪದ ಈ ಭಾಗದಲ್ಲಿ ಸಿಗಲಿಕ್ಕಿಲ್ಲ. ಪರಿಹಾರವೆಂದರೆ ಗೀಟಿನ ದಪ್ಪವನ್ನು 70ಕ್ಕೆ ಇಳಿಸಿ, ಅದನ್ನು ತಳಗೆರೆಗಿಂತ ತುಸು ಕೆಳಕ್ಕೆ ಇಳಿಬಿಟ್ಟು, ಎರಡೂ ಬದಿಯಲ್ಲಿ ಕನಿಷ್ಠ 35 ಯೂನಿಟ್ ಬಿಳಿ ಜಾಗ ಉಳಿಸುವುದು. ಎಲ್ಲ ಗೆರೆಗಳೂ ಸಮ ದಪ್ಪ ಇರಲೇಬೇಕೆಂಬ ಹಟವನ್ನು ಇಲ್ಲಿ ಬಿಡಬೇಕು.

ಗುಡಿಸಿಗೂ ಇದೇ ಎಚ್ಚರಿಕೆ ಬೇಕು. ‘ಬೀಳಗಿ’ಯ ‘ಗಿ’ಯಲ್ಲಿ ತಲೆಕಟ್ಟಿನ ಜಾಗಕ್ಕೆ ಬರುವ ಸುರುಳಿಯ ಕಣ್ಣು ಮುಚ್ಚದಂತೆ ಅದನ್ನು ಸ್ವಲ್ಪ ಅಗಲಿಸಿ, ಗೆರೆಯನ್ನು ಅಲ್ಲಿ ಮಾತ್ರ ತೆಳುವಾಗಿಸಬೇಕು. ಖ, ಜ, ಟ, ಣ, ಬ, ಲ ಮುಂತಾದವುಗಳಿಗೆ ತಲೆಕಟ್ಟು ಇಲ್ಲವಾದ್ದರಿಂದ, ‘ಜಮಖಂಡಿ’ ಎಂದು ಬರೆದಾಗ ಸಾಲಿನ ಮೇಲಂಚು ಏರುಪೇರಾಗುತ್ತದೆಯೇ ಎಂದೂ ನೋಡಿಕೊಳ್ಳಬೇಕು.

ಮೂರನೆಯದು ಒತ್ತಕ್ಷರ. 34 ವ್ಯಂಜನಗಳಿಗೂ ಒತ್ತು ಬರೆಯಬೇಕು, ಬೇಸರದ ಕೆಲಸವೇ ಸರಿ. ಮೂಲ ಅಕ್ಷರವನ್ನೇ ಶೇ 65ಕ್ಕೆ ಕುಗ್ಗಿಸಿ ಕೆಳಗಿಟ್ಟರೆ ಅದರ ಗೆರೆಯೂ 65 ಯೂನಿಟ್‌ಗೆ ಇಳಿದು, ಮೇಲೆ ಪೈಲ್ವಾನ, ಕೆಳಗೆ ಬಡಕಲು ಎಂಬಂತಾಗುತ್ತದೆ. ಆದ್ದರಿಂದ ಒತ್ತುಗಳನ್ನು 80ರ ದಪ್ಪದಲ್ಲಿ ಬೇರೆಯಾಗಿಯೇ ಬರೆಯಬೇಕು. ‘ಪಟ್ಟದಕಲ್ಲು’, ‘ಮುದ್ದೇಬಿಹಾಳ’ ಸರಿಯಾಗಿ ಕುಳಿತ ಮೇಲೆ ‘ರಾಷ್ಟ್ರ’ದಂಥ ಎರಡೊತ್ತಿನ ಪದಕ್ಕೆ ಹೋಗಬಹುದು.

ನಂತರ ಅಕ್ಷರಗಳನ್ನು ಯೂನಿಕೋಡ್ ಸ್ಥಾನಗಳಲ್ಲಿ, ಅಂದರೆ ಪ್ರತಿ ಅಕ್ಷರಕ್ಕೂ ಗೊತ್ತುಮಾಡಿದ ಸಂಖ್ಯೆಯ ಜಾಗದಲ್ಲಿ ಕೂರಿಸಿ, ಒತ್ತು, ಗುಣಿತ, ಅರ್ಕಾವೊತ್ತುಗಳಿಗೆ ಓಪನ್‌ಟೈಪ್ ನಿಯಮಗಳನ್ನು (ಅಕ್ಷರಗಳು ಕೂಡಿದಾಗ ಯಾವ ರೂಪ, ಎಲ್ಲಿ ಬರಬೇಕೆಂದು ಫಾಂಟಿನೊಳಗೇ ಕೊಡುವ ಸೂಚನೆಗಳು) ಬರೆಯಬೇಕು. ಮುಕ್ತ ಪರವಾನಗಿಯ ಯಾವುದಾದರೂ ಕನ್ನಡ ಫಾಂಟಿನ ನಿಯಮಗಳನ್ನು ಮುಂದಿಟ್ಟುಕೊಂಡರೆ ಇದು ಬೇಗ ಮುಗಿಯುತ್ತದೆ.

ಬಳಕೆಯ ವಿಚಾರಕ್ಕೆ ಬಂದರೆ, ಅಮೀನಗಡದ ಕರದಂಟಿನ ಡಬ್ಬಿ, ಬನಶಂಕರಿ ಜಾತ್ರೆಯ ನಾಟಕದ ಪೋಸ್ಟರ್, ಮಕ್ಕಳ ಪುಸ್ತಕದ ಮುಖಪುಟ, ಯೂಟ್ಯೂಬ್ ತುಣುಕಿನ ಶೀರ್ಷಿಕೆ, ಇವೆಲ್ಲ ಈ ಫಾಂಟಿಗೆ ಹೇಳಿ ಮಾಡಿಸಿದ ಜಾಗಗಳು. ಪುಟಗಟ್ಟಲೆ ಓದುವ ಬರಹಕ್ಕೆ ಇದು ಬೇಡ. ಶ್ರದ್ಧಾಂಜಲಿಯ ಫಲಕಕ್ಕಂತೂ ಬೇಡವೇ ಬೇಡ, ಏಕೆಂದರೆ ದುಂಡು ಅಕ್ಷರ ಸಹಜವಾಗಿಯೇ ನಗುಮೊಗದ್ದು. ಎರಡು ಸಾಲು ಬಂದಲ್ಲಿ, ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗದಂತೆ ಸಾಲುಗಳ ಅಂತರವನ್ನು ಅಕ್ಷರದ ಗಾತ್ರದ ಒಂದೂವರೆ ಪಟ್ಟು ಇಡಬೇಕು.

ಫ್ಲೆಕ್ಸ್ ಅಂಗಡಿಗೆ ಕಡತ ಕೊಡುವಾಗ ಎರಡು ಮಾತು ಖಚಿತವಾಗಿ ಹೇಳಬೇಕು. ಜಾಗ ತುಂಬಲೆಂದು ಅಕ್ಷರಗಳನ್ನು ಅಡ್ಡಕ್ಕೆ ಎಳೆಯಬಾರದು, ಎಳೆದರೆ ದುಂಡು ತುದಿಗಳೆಲ್ಲ ಮೊಟ್ಟೆಯಾಕಾರಕ್ಕೆ ತಿರುಗುತ್ತವೆ. ಅಕ್ಷರಕ್ಕೆ ಬಣ್ಣದ ಅಂಚು ಕಟ್ಟುವುದಾದರೆ ಅದು ಅಕ್ಷರದ ಹಿಂಬದಿಗೆ ಬರಬೇಕು. ಮುಂದೆ ಬಂದರೆ ಕಷ್ಟಪಟ್ಟು ಉಳಿಸಿದ ಬಿಳಿ ಜಾಗವನ್ನು ಅದು ನುಂಗುತ್ತದೆ. ಅಲ್ಲಿನ ಹಳೆಯ ತಂತ್ರಾಂಶದಲ್ಲಿ ಯೂನಿಕೋಡ್ ಕನ್ನಡದ ಒತ್ತುಗಳು ಒಡೆದು ಕಾಣುವ ಸಂಭವ ಇರುವುದರಿಂದ, ಅಕ್ಷರಗಳನ್ನು ಮನೆಯಲ್ಲೇ ಗೆರೆಚಿತ್ರವಾಗಿ ಪರಿವರ್ತಿಸಿ, ಪಿಡಿಎಫ್ ಕಡತವನ್ನೇ ಕೊಡುವುದು ಕ್ಷೇಮ.